ತೊಟ್ಟಿಲಿನ ಮರವನ್ನು ಪರೀಕ್ಷಿಸುವ ಬಗೆ

ಮಗುವಿಗೆ ದೊರೆಯುವ ಮೊದಲ ಪೀಠೋಪಕರಣವೆಂದರೆ ತೊಟ್ಟಿಲು. ಅನಂತರ ಪುಟ್ಟ ಮಂಚ, ಕುರ್ಚಿ, ನಡೆಯಲು ಕಲಿಸುವ ಗಾಡಿ ಬರುತ್ತವೆ. ಇವನ್ನು ಕೊಳ್ಳುವಾಗ ನಾವು ಹೊಳಪಿಗೆ ಮರುಳಾಗುವುದುಂಟು. ಅಂಗಡಿಯವರು ‘ತೇಗದ್ದು’ ಎಂದರೆ ಕೇಳಿದಷ್ಟು ಕೊಟ್ಟುಬಿಡುವುದೂ ಉಂಟು. ಮರವನ್ನು ಪರೀಕ್ಷಿಸಲು ಬಡಗಿಯೇ ಆಗಬೇಕಾಗಿಲ್ಲ. ಕಣ್ಣು, ಕೈ, ಒಂದು ಅಳತೆಪಟ್ಟಿ ಇದ್ದರೆ ಸಾಕು.

ಮೊದಲು ಹಲಗೆಯ ಅಂಚನ್ನು ನೋಡಬೇಕು. ಗಟ್ಟಿಮರವಾದರೆ ಮೇಲಿನ ಎಳೆಗಳು ಅಂಚಿನಲ್ಲಿಯೂ ಮುಂದುವರಿಯುತ್ತವೆ. ಮರದ ಪುಡಿಯನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆಗೆ ತೇಗದ ತೆಳುಪದರವನ್ನು ಅಂಟಿಸಿದ್ದರೆ ಎಳೆ ಅಂಚಿಗೆ ಬಂದು ನಿಂತುಹೋಗುತ್ತದೆ. ಇಂಥ ಹಲಗೆ ನೀರು ಕುಡಿದು ಉಬ್ಬಿದರೆ ಮತ್ತೆ ಮೊದಲಿನಂತಾಗದು. ಮಗುವಿನ ಸಾಮಾನು ಒದ್ದೆಯಾಗದೆ ಇರುವುದುಂಟೆ?

ಎರಡನೆಯದಾಗಿ, ಮರದ ಯಾವ ಭಾಗವನ್ನು ಬಳಸಿದ್ದಾರೆಂದು ತಿಳಿಯಬೇಕು. ತೇಗದ ಒಳಗಿನ ಕಂದು ಭಾಗವೇ ಚೇಗು. ಅದರಲ್ಲಿ ಸಹಜವಾದ ಎಣ್ಣೆಯ ಅಂಶವಿದ್ದು ಗೆದ್ದಲನ್ನು ತಡೆಯುತ್ತದೆ. ಹೊರಗಿನ ಬಿಳಿಚಿದ ಭಾಗವೂ ತೇಗವೇ. ಆದರೆ ಅದಕ್ಕೆ ಹುಳು ಬೇಗ ಹಿಡಿಯುತ್ತದೆ. ಕೊಯಮತ್ತೂರಿನಲ್ಲಿ 1902ರಲ್ಲಿ ಸ್ಥಾಪಿತವಾದ ಗ್ಯಾಸ್ ಅರಣ್ಯ ವಸ್ತುಸಂಗ್ರಹಾಲಯದಲ್ಲಿ ಬಗೆಬಗೆಯ ಮರಗಳ ಮಾದರಿಗಳನ್ನು ಇಟ್ಟಿದ್ದಾರೆ. ತುಡಿಯಲೂರಿನ ಕಡೆಯ ವಿದ್ಯಾರ್ಥಿಗಳಿಗೆ ಅದು ದೂರವೇನಲ್ಲ.

ಮೂರನೆಯದು ಜೋಡಣೆ. ಹಸಿಮರ ಒಣಗುವಾಗ ಅಗಲದಲ್ಲಿ ಕುಗ್ಗುತ್ತದೆ. ಉದ್ದದಲ್ಲಿ ಕುಗ್ಗುವುದು ಅತ್ಯಲ್ಪ. ಹೀಗಾಗಿ ಚೆನ್ನಾಗಿ ಒಣಗಿಸದ ಮರದ ಕೀಲುಗಳು ಸಡಿಲವಾಗುತ್ತವೆ. ಒಂದು ತುಂಡಿನ ತುದಿಯನ್ನು ಇನ್ನೊಂದರ ತೂತಿನೊಳಗೆ ಬಿಗಿಯಾಗಿ ಕೂರಿಸಿದ ಜೋಡಣೆ, ಬರಿಯ ಮೊಳೆಗಿಂತ ಮೇಲು. ತೊಟ್ಟಿಲನ್ನು ಮೂಲೆಯಿಂದ ಮೂಲೆಗೆ ತಳ್ಳಿ ನೋಡಿದರೆ ಅದರ ಬಿಗಿ ತಿಳಿಯುತ್ತದೆ.

ಇನ್ನು ಬೆಲೆ. ಮರವನ್ನು ಘನ ಅಡಿಯ ಲೆಕ್ಕದಲ್ಲಿ ಮಾರುತ್ತಾರೆ. 4 ಅಡಿ ಉದ್ದ, 6 ಅಂಗುಲ ಅಗಲ, 1 ಅಂಗುಲ ದಪ್ಪದ ಹಲಗೆಯಲ್ಲಿ ಇರುವುದು ಒಂದು ಘನ ಅಡಿಯ ಆರನೆಯ ಒಂದು ಭಾಗ. ಹೀಗೆ ಎಲ್ಲ ತುಂಡುಗಳನ್ನೂ ಕೂಡಿಸಿ, ಪೇಟೆಯ ದರದಿಂದ ಗುಣಿಸಿ, ಕೊಯ್ತದಲ್ಲಿ ಹೋಗುವ ಮರವನ್ನೂ ಕೂಲಿಯನ್ನೂ ಸೇರಿಸಿದರೆ ನ್ಯಾಯವಾದ ಬೆಲೆಯ ಅಂದಾಜು ಸಿಗುತ್ತದೆ. ಎಂಟನೆಯ ತರಗತಿಯ ಗಣಿತ ಇಷ್ಟಕ್ಕೆ ಸಾಕು.

ಗಟ್ಟಿಮರಕ್ಕೆ ಹೆಚ್ಚು ಹಣ ಕೊಡುವುದೇಕೆ? ಅದನ್ನು ಹೆರೆಯಬಹುದು, ರಿಪೇರಿ ಮಾಡಬಹುದು, ಮುಂದಿನ ಮಗುವಿಗೆ ಉಳಿಸಬಹುದು. ಧಾರವಾಡ ಜಿಲ್ಲೆಯ ಕಲಘಟಗಿಯ ಸಾಗುವಾನಿ ತೊಟ್ಟಿಲುಗಳು ಅರಗಿನ ಬಣ್ಣದ ಚಿತ್ರಗಳಿಗೆ ಹೆಸರಾಗಿವೆ. ಅಂಥ ಒಂದು ತೊಟ್ಟಿಲು ಒಂದೇ ಮನೆತನದಲ್ಲಿ ಹಲವು ಕೂಸುಗಳನ್ನು ತೂಗುತ್ತದೆ.

ಆದರೆ ಮರ ಎಷ್ಟೇ ಉತ್ತಮವಾಗಿದ್ದರೂ ಮಗುವಿನ ಕ್ಷೇಮ ಅದಕ್ಕಿಂತ ದೊಡ್ಡದು. ಕಂಬಿಗಳ ನಡುವೆ ಹೆಚ್ಚು ಅಂತರವಿದ್ದರೆ ಮಗುವಿನ ಮೈ ನುಸುಳಿ ತಲೆ ಸಿಕ್ಕಿಕೊಳ್ಳಬಹುದು. ಅಮೆರಿಕದ ನಿಯಮದಂತೆ ಈ ಅಂತರ ಸುಮಾರು 6 ಸೆಂಟಿಮೀಟರನ್ನು ಮೀರಬಾರದು. ಹಳೆಯ ಪೇಯಿಂಟಿನಲ್ಲಿ ಸೀಸವಿರಬಹುದು. ಹಲ್ಲು ಬರುವ ಮಗು ಅಂಚನ್ನು ಕಚ್ಚದೆ ಬಿಡುವುದಿಲ್ಲ. ನಮ್ಮ ದೇಶದಲ್ಲಿ ಮನೆಬಳಕೆಯ ಪೇಯಿಂಟಿನ ಸೀಸಕ್ಕೆ ಹತ್ತು ಲಕ್ಷಕ್ಕೆ 90 ಭಾಗ ಎಂಬ ಮಿತಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಪೇಯಿಂಟನ್ನು ಮನೆಯೊಳಗೆ ಒಣದಾಗಿ ಉಜ್ಜಿ ತೆಗೆಯಬಾರದು. ಆ ಧೂಳೂ ವಿಷವೇ.

ಆದ್ದರಿಂದ ಅಜ್ಜನ ಕಾಲದ ತೊಟ್ಟಿಲನ್ನು ಅಟ್ಟದಿಂದ ಇಳಿಸಿದಾಗಲೂ, ಹೊಸದನ್ನು ಕೊಂಡಾಗಲೂ ಅಳತೆಪಟ್ಟಿ ನಮ್ಮ ಕೈಯಲ್ಲಿರಲಿ. ಕಂಬಿ, ಕೀಲು, ಕೊಂಡಿ, ಬಣ್ಣ ಇಷ್ಟನ್ನೂ ನೋಡಿದ ಮೇಲೆಯೇ ಕೂಸನ್ನು ಮಲಗಿಸೋಣ.