ತರಗತಿಯಿಂದ ರಾತ್ರಿಪಾಳಿಗೆ: ಶುಶ್ರೂಷಕಿಯ ಮೊದಲ ವರ್ಷ

ನರ್ಸಿಂಗ್ ಓದಿ ಬಂದವರಿಗೆ ನೌಕರಿಯ ಮೊದಲ ವರ್ಷ ಏಕೆ ಅಷ್ಟು ಭಾರವೆನಿಸುತ್ತದೆ? ಜನ ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆಯಂತಹ ಬೋಧನಾಸ್ಪತ್ರೆಯಲ್ಲಿ ವಿದ್ಯಾರ್ಥಿನಿ ಚುಚ್ಚುಮದ್ದು ನೀಡುವಾಗ ಬೋಧಕಿ ಪಕ್ಕದಲ್ಲಿರುತ್ತಾರೆ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳ ಕಡೆಯ ರಾತ್ರಿಪಾಳಿ ಹಾಗಲ್ಲ. ಹೆರಿಗೆ ನೋವಿನ ತಾಯಿ, ಹೊಲದಲ್ಲಿ ಹಾವು ಕಚ್ಚಿದ ರೈತ, ಕೀಟನಾಶಕದ ವಿಷವೇರಿದ ಕೂಲಿಯಾಳು ಒಂದೇ ಹೊತ್ತಿಗೆ ಬರಬಹುದು. ಯಾರನ್ನು ಮೊದಲು ನೋಡಬೇಕು, ಯಾರಿಗಾಗಿ ವೈದ್ಯರನ್ನು ಎಬ್ಬಿಸಿ 108 ವಾಹನ ತರಿಸಬೇಕು ಎಂಬ ನಿರ್ಧಾರ ಪಠ್ಯಪುಸ್ತಕದಿಂದ ಬರುವಂಥದ್ದಲ್ಲ.

ಅಮೆರಿಕದ ಶುಶ್ರೂಷಾ ತಜ್ಞೆ ಮಾರ್ಲೀನ್ ಕ್ರೇಮರ್ 1974ರಲ್ಲಿಯೇ ಇದನ್ನು 'ವಾಸ್ತವದ ಆಘಾತ' ಎಂದು ಕರೆದರು. ಆರಂಭದ ಉತ್ಸಾಹ ಇಳಿದು, ಕಲಿತದ್ದೆಲ್ಲ ವ್ಯರ್ಥವೆನಿಸಿ, ಬಳಿಕ ನಿಧಾನವಾಗಿ ಚೇತರಿಕೆ ಬರುತ್ತದೆ. ಚೇತರಿಕೆ ಬಾರದೆ ಬಳಲಿಕೆ ಉಳಿದು, ಕೆಲಸದ ಮೇಲೆ ಅಸಡ್ಡೆ ಮೂಡಿ, ತನ್ನಿಂದಾಗದು ಎಂಬ ಭಾವ ಬಲಿತರೆ ಅದೇ ಬರ್ನ್‌ಔಟ್. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ರೋಗವೆನ್ನದೆ, ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದ ಫಲವೆಂದು ವಿವರಿಸಿತು. ಹುಡುಗಿಗೆ ಧೈರ್ಯ ಸಾಲದು ಎಂದು ಹಿರಿಯರು ಸುಲಭವಾಗಿ ಹೇಳಿಬಿಡುವುದುಂಟು, ಅದು ಸರಿಯಲ್ಲ.

ಹೊಸಬರನ್ನು ಮೊದಲ ಕೆಲವು ತಿಂಗಳು ಒಂಟಿಯಾಗಿ ರಾತ್ರಿಪಾಳಿಗೆ ಹಾಕದೆ ಅನುಭವಿ ಸಿಸ್ಟರ್ ಜೊತೆಗಿರಿಸುವುದು ಎಲ್ಲಕ್ಕಿಂತ ಮುಖ್ಯ. ಪಾಳಿ ಬದಲಾಗುವಾಗ ಹಾಸಿಗೆಯ ಬಳಿಯೇ ನಿಂತು ರೋಗಿಯ ವಿವರ ಒಪ್ಪಿಸಿದರೆ, ಮನೆಗೆ ಹೋದ ಮೇಲೆ ಏನೋ ಮರೆತೆನೆಂಬ ಚಿಂತೆ ಕಾಡುವುದು ಕಡಿಮೆ. ವಾರದ ರಜೆ ತಪ್ಪಬಾರದು. ಹುಬ್ಬಳ್ಳಿಯಿಂದ ನಿತ್ಯ ಓಡಾಡುವವರಿಗೆ ಪ್ರಯಾಣದ ದಣಿವೂ ಸೇರುತ್ತದೆ. ಪಾಳಿಪಟ್ಟಿ ಬರೆಯುವವರು ಕೊನೆಯ ಬಸ್ಸಿನ ವೇಳೆಯನ್ನೂ ಗಮನಿಸುವುದು ಒಳಿತು.