ಯಂತ್ರಕ್ಕೂ ಎಸರು ಬೇಕು

ಲಿಂಗಸುಗೂರು ಸೀಮೆಯಲ್ಲಿ ಅಡುಗೆಮನೆ ಎದ್ದಿದೆ ಎಂಬುದು ರೊಟ್ಟಿ ಬಡಿಯುವ ಸಪ್ಪಳದಿಂದಲೇ ಗೊತ್ತಾಗುತ್ತದೆ. ಉತ್ತರ ಕರ್ನಾಟಕದ ಪಟ್ಟಣಗಳಲ್ಲಿ ಈಗ ಆ ಪಟಪಟ ಸಪ್ಪಳದ ಜೊತೆ ರೊಟ್ಟಿ ಯಂತ್ರದ ಗುಂಯ್‌ಗುಡುವಿಕೆಯೂ ಸೇರಿದೆ. ಆದರೆ ಗೋಧಿ ಚಪಾತಿಯನ್ನು ಸಲೀಸಾಗಿ ಲಟ್ಟಿಸುವ ಉರುಳೆಗಳು ಜೋಳದ ಹಿಟ್ಟಿನ ಮುಂದೆ ತಡವರಿಸುತ್ತವೆ. ಅಂಚು ಸೀಳುತ್ತದೆ, ನಡು ಹರಿಯುತ್ತದೆ.

ತಪ್ಪು ಯಂತ್ರದ್ದಲ್ಲ, ಹಿಟ್ಟಿನ ಗುಣವೇ ಅಂಥದ್ದು. ಗೋಧಿ ಹಿಟ್ಟಿಗೆ ನೀರು ಹಾಕಿ ನಾದಿದರೆ ಅದರೊಳಗಿನ ಎರಡು ಬಗೆಯ ಪ್ರೋಟೀನುಗಳು ಬೆಸೆದು ಗ್ಲುಟೆನ್ ಎಂಬ ಬಲೆ ನೇಯುತ್ತವೆ. ಎಳೆದಷ್ಟೂ ಹಿಗ್ಗುವ ಬಲೆ ಅದು. ಜೋಳದ ಪ್ರೋಟೀನ್ ಕ್ಯಾಫಿರಿನ್ ಪುಟ್ಟ ಗುಳಿಗೆಗಳಾಗಿ ಮುದುಡಿ ಕೂತಿರುತ್ತದೆ. ಎಷ್ಟು ನಾದಿದರೂ ಬಲೆಯಾಗುವುದಿಲ್ಲ.

ಅದಕ್ಕೇ ನಮ್ಮವರು ಎಸರು ಇಡುತ್ತಾರೆ. ಕುದಿನೀರು ಬಿದ್ದಾಗ, ಸುಮಾರು 70 ಡಿಗ್ರಿ ಸೆಲ್ಸಿಯಸ್‌ ಆಸುಪಾಸಿನಲ್ಲಿ, ಜೋಳದ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ ಗಂಜಿಯಂತೆ ಅಂಟಾಗುತ್ತವೆ. ಈ ಗಂಜಿಯೇ ಉಳಿದ ಹಿಟ್ಟನ್ನು ಹಿಡಿದಿಡುವ ಗಾರೆ. ಆದರೂ ಈ ಹಿಟ್ಟು ಎಳೆತಕ್ಕೆ ಬಾಗದು, ಒತ್ತಿದರೆ ಮಾತ್ರ ಹರಡೀತು. ಕೈ ರೊಟ್ಟಿಯನ್ನು ಎಳೆಯದೆ, ತಿರುಗಿಸುತ್ತ ಬಡಿಯುವುದು ಇದೇ ಕಾರಣಕ್ಕೆ. ಕೈಗೆ ಗೊತ್ತಿದ್ದ ಈ ಗುಟ್ಟನ್ನು ಯಂತ್ರ ಕಲಿಯಬೇಕಾಯಿತು. ಎರಡು ತಟ್ಟೆಗಳ ನಡುವೆ ಉಂಡೆಯನ್ನು ಅದುಮುವುದು ಒಂದು ದಾರಿ. ಹಿಟ್ಟನ್ನು ಉರುಳೆಗಳ ನಡುವೆ ಹಂತಹಂತವಾಗಿ ತೆಳುವಾಗಿಸಿ, ದುಂಡಗೆ ಕತ್ತರಿಸಿ, ಉಳಿದ ಅಂಚನ್ನು ಮತ್ತೆ ನಾದಲು ಕಳಿಸುವುದು ಇನ್ನೊಂದು.

ಹೆಂಚಿನ ಮೇಲಿನ ರೊಟ್ಟಿಗೆ ಒದ್ದೆ ಬಟ್ಟೆ ಸವರುವುದಕ್ಕೂ ಅರ್ಥವಿದೆ. ಆ ತೇವ ಮೇಲಿನ ಒಣಹಿಟ್ಟನ್ನೂ ಬೇಯಿಸಿ ತೆಳ್ಳನೆಯ ಪೊರೆಯಾಗಿಸುತ್ತದೆ. ಒಳಗಿನ ನೀರು ಆವಿಯಾದಾಗ ಸುಮಾರು 1,600 ಪಟ್ಟು ಜಾಗ ಕೇಳುತ್ತದೆ. ಆವಿ ಪೊರೆಯೊಳಗೆ ಸಿಕ್ಕಿಕೊಂಡು ರೊಟ್ಟಿ ಉಬ್ಬುತ್ತದೆ. ಹುಳಿಯೂ ಬೇಡ, ಈಸ್ಟೂ ಬೇಡ.

ಹುಳಿ ಬೇಡವೆಂಬ ಮಾತು ಕನ್ನಡ ಬೈಬಲ್‌ ಓದಿದವರಿಗೆ ಹೊಸದಲ್ಲ. ಯೆಹೂದ್ಯರ ಪಸ್ಕ ಹಬ್ಬವೆಂದರೆ ಹುಳಿಯಿಲ್ಲದ ರೊಟ್ಟಿಯ ಹಬ್ಬ. ಆ ರೊಟ್ಟಿ, ಮಾತ್ಸಾ, ಸಾಮಾನ್ಯವಾಗಿ ಗೋಧಿಯದೇ. ಆದರೆ ಹಿಟ್ಟಿಗೆ ನೀರು ತಗುಲಿದ 18 ನಿಮಿಷದೊಳಗೆ ಅದು ಬೆಂದಿರಬೇಕು, ತಡವಾದರೆ ಹುಳಿಯಿತೆಂದೇ ಲೆಕ್ಕ. ಈ ಅವಸರಕ್ಕೆ ನೆರವಾಗಲು ಫ್ರಾನ್ಸಿನ ಅಲ್ಸಾಸ್‌ನಲ್ಲಿ 1838ರಲ್ಲೇ ಐಸಾಕ್ ಸಿಂಗರ್ ಎಂಬಾತ ಹಿಟ್ಟು ಲಟ್ಟಿಸುವ ಯಂತ್ರ ಮಾಡಿದ. 1859ರ ಹೊತ್ತಿಗೆ ಯೆಹೂದ್ಯ ಧರ್ಮಗುರುಗಳಾದ ರಬ್ಬಿಗಳಲ್ಲಿ ದೊಡ್ಡ ಜಗಳವೇ ಎದ್ದಿತು. ಯಂತ್ರದ ಸಂದಿಯಲ್ಲಿ ಹಿಟ್ಟು ಉಳಿದು ಹುಳಿತರೆ? ಕೈಯಿಂದ ಲಟ್ಟಿಸುವ ಬಡವರ ಕೂಲಿಯ ಗತಿಯೇನು? ಎರಡನೆಯ ಪ್ರಶ್ನೆಯನ್ನು ನಮ್ಮ ರೊಟ್ಟಿ ಕೇಂದ್ರಗಳ ಹೆಣ್ಣುಮಕ್ಕಳೂ ಕೇಳಬಹುದು.

ಹಬ್ಬದ ಆ ದಿನಗಳಲ್ಲಿ ಸಿಹಿ ಬೇಕೆಂದವರು ಹಿಟ್ಟನ್ನೇ ಬಿಟ್ಟು ಚಾಕಲೇಟ್ ಬ್ರೌನಿ ಬೇಯಿಸುತ್ತಾರೆ. ಅಲ್ಲಿ ಗ್ಲುಟೆನ್ನೂ ಇಲ್ಲ, ಎಸರೂ ಇಲ್ಲ. ಕಟ್ಟಡ ನಿಲ್ಲಿಸುವುದು ಮೊಟ್ಟೆ. ಅದರ ಪ್ರೋಟೀನುಗಳು 60ರಿಂದ 80 ಡಿಗ್ರಿಯ ನಡುವೆ ಸುರುಳಿ ಬಿಚ್ಚಿ ಒಂದಕ್ಕೊಂದು ತೊಡರಿ ಗಟ್ಟಿಯಾಗುತ್ತವೆ. ಮೊಟ್ಟೆ ಕಡೆದಾಗ ಸೇರಿದ ಗಾಳಿಗುಳ್ಳೆಗಳು ಕಾವಿಗೆ ಹಿಗ್ಗುತ್ತವೆ. ಕರಗಿದ ಕೋಕೋ ಬೆಣ್ಣೆ ಆರಿದ ಮೇಲೆ ಹೆಪ್ಪುಗಟ್ಟಿ ಬ್ರೌನಿಗೆ ಮಂದವಾದ, ಮೆತ್ತನೆಯ ಒಡಲು ಕೊಡುತ್ತದೆ. ಬಿಸಿಯಾಗಿದ್ದಾಗಲೇ ಕೊಯ್ದರೆ ಮುರಿಯುವುದು ಅದಕ್ಕೇ.

ಗೋಧಿಗೆ ಬಲೆ, ಬ್ರೌನಿಗೆ ಮೊಟ್ಟೆ, ಜೋಳಕ್ಕೆ ಗಂಜಿ: ಹಿಡಿದಿಡುವ ಕೆಲಸ ಒಂದೇ, ಆಳುಗಳು ಬೇರೆ. ಬಡಿಯುವ ಕೈಯ ಬದಲು ಮೋಟಾರು ಬಂದೀತು, ಒಲೆಯ ಬದಲು ಗ್ಯಾಸ್ ಬಂದೀತು. ಆದರೆ ಎಷ್ಟೇ ದುಬಾರಿ ಯಂತ್ರ ತಂದರೂ, ಗುಂಡಿ ಒತ್ತುವ ಮೊದಲು ಯಾರೋ ಒಬ್ಬರು ಎಸರಿಡಲೇಬೇಕು.