ಸಂಚಾರಿ ಕಪಾಟಿನ ಡ್ರಾಯರುಗಳಿಗೆ ಲಾಕ್ ಚಾನೆಲ್

ಪ್ರಯೋಗ ಸಾಮಗ್ರಿಯನ್ನೋ ಪುಸ್ತಕಗಳನ್ನೋ ವ್ಯಾನಿನಲ್ಲಿ ಶಾಲೆಯಿಂದ ಶಾಲೆಗೆ ಒಯ್ಯುವಲ್ಲಿ, ಅದರ ಕಪಾಟನ್ನು ಮಾಡಿಸುವ ಹೊಣೆ ಶಿಕ್ಷಕರ ಪಾಲಿಗೆ ಬರುವುದುಂಟು. ಮನೆಯ ಕಪಾಟಿಗೆ ಹಾಕುವ ಟೆಲಿಸ್ಕೋಪಿಕ್ ಚಾನೆಲನ್ನೇ ಬಡಗಿಗಳು ಇದಕ್ಕೂ ಸೂಚಿಸುತ್ತಾರೆ. ಚಾನೆಲ್ ಎಂದರೆ ಡ್ರಾಯರಿನ ಎರಡು ಪಕ್ಕಗಳಲ್ಲಿ ಕೂರುವ, ಗುಂಡುಗಳ ಮೇಲೆ ಜಾರುವ ಉಕ್ಕಿನ ಪಟ್ಟಿ. ಡ್ರಾಯರ್ ಪೂರ್ತಿ ಮುಚ್ಚಿದಾಗ ಅದು ಒಂದು ಸಣ್ಣ ಹಿಡಿತಕ್ಕೆ ಸಿಕ್ಕಿ ನಿಲ್ಲುತ್ತದೆ. ಇದನ್ನೇ ಲಾಕ್ ಎಂದು ತಿಳಿಯುವುದು ತಪ್ಪು. ಬೆರಳಿನಿಂದ ಎಳೆದರೆ ಬಿಟ್ಟುಕೊಳ್ಳುವ ಹಿಡಿತವದು.

ಗಂಟೆಗೆ 40 ಕಿ.ಮೀ. ವೇಗದಲ್ಲಿರುವ ವಾಹನ 2 ಸೆಕೆಂಡುಗಳಲ್ಲಿ ನಿಂತಿತೆನ್ನೋಣ. ಸಾಮಗ್ರಿಯೂ ಸೇರಿ 20 ಕೆ.ಜಿ. ತೂಗುವ, ಚಾಲಕನ ಕಡೆಗೆ ತೆರೆಯುವ ಡ್ರಾಯರನ್ನು ಸ್ವಸ್ಥಾನದಲ್ಲಿ ಉಳಿಸಲು ಆಗ ಸುಮಾರು 110 ನ್ಯೂಟನ್ ಬಲ ಬೇಕು. ಹನ್ನೊಂದು ಕಿಲೋ ಅಕ್ಕಿಯ ಚೀಲವನ್ನು ಅದರ ಹಿಡಿಗೆ ಕಟ್ಟಿ ಎಳೆದಂತೆ. (ಜಡತ್ವದ ಪಾಠಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗುವುದು ಕಷ್ಟ.) ಹಿಂಬಾಗಿಲ ಕಡೆಗೆ ತೆರೆಯುವ ಡ್ರಾಯರು ಬ್ರೇಕಿಗೆ ಹೆದರಬೇಕಿಲ್ಲ, ಆದರೆ ಏರುದಾರಿಯಲ್ಲಿ ತಾನಾಗಿಯೇ ಹೊರಬರುತ್ತದೆ. ಪಕ್ಕಕ್ಕೆ ತೆರೆಯುವುದನ್ನು ತಿರುವುಗಳು ಎಳೆಯುತ್ತವೆ: ವಾಹನ ಬಲಕ್ಕೆ ಹೊರಳಿದರೆ ಎಡಕ್ಕೆ ತೆರೆಯುವ ಡ್ರಾಯರು ಹೊರಕ್ಕೆ ನುಗ್ಗುತ್ತದೆ. ಸತ್ಯಮಂಗಲದ ಕಡೆಯಿಂದ ತಾಳವಾಡಿಗೆ ಹತ್ತುವ ದಿಂಬಂ ಘಟ್ಟದಲ್ಲಿ ಇಂತಹ ಕಡಿದಾದ ತಿರುವುಗಳು 27 ಇವೆ. ಒಳಗಿರುವುದು ಗಾಜಿನ ಬೀಕರು, ಆಮ್ಲದ ಸೀಸೆಗಳಾದರೆ ಪರಿಣಾಮವನ್ನು ವಿವರಿಸಬೇಕಾಗಿಲ್ಲ.

ಆದುದರಿಂದ ಲೋಹದ ನಾಲಗೆಯೊಂದು ಕಚ್ಚಿ ಹಿಡಿಯುವ, ಸನ್ನೆ ಒತ್ತಿದ ಹೊರತು ಬಿಡದ ಚಾನೆಲನ್ನೇ ಕೇಳಿ ಪಡೆಯಬೇಕು. ಮುಚ್ಚಿದಾಗ ಮಾತ್ರ ಹಿಡಿಯುವುದು ಲಾಕ್-ಇನ್. ಪೂರ್ತಿ ತೆರೆದಾಗ ಹಿಡಿಯುವುದು ಲಾಕ್-ಔಟ್. ಮೊದಲನೆಯದರ ಅಗತ್ಯ ಎಲ್ಲರಿಗೂ ಹೊಳೆಯುತ್ತದೆ, ಎರಡನೆಯದು ಹೊಳೆಯುವುದಿಲ್ಲ. ಶಾಲೆಯ ಮುಂದಿನ ನೆಲ ಸಮತಟ್ಟಾಗಿರುವುದು ಅಪರೂಪ. ಇಳಿಜಾರಿನಲ್ಲಿ ನಿಂತ ವ್ಯಾನಿನೊಳಗೆ ತೆರೆದಿಟ್ಟ ಭಾರದ ಡ್ರಾಯರು ತಾನೇ ಹಿಂದಕ್ಕೆ ಜಾರಿದಾಗ ಅದರ ಅಂಚಿನಲ್ಲಿರುವುದು ಮಕ್ಕಳ ಬೆರಳು. ಎರಡೂ ಲಾಕ್ ಇರುವ ಚಾನೆಲಿಗೆ ಬೆಲೆ ಹೆಚ್ಚು. ಆದರೂ ಉಳಿತಾಯ ಮಾಡುವ ಜಾಗ ಇದಲ್ಲ.

ಕೆಲವು ಮಾದರಿಗಳಲ್ಲಿ ಎರಡು ಪಕ್ಕದ ಸನ್ನೆಗಳನ್ನೂ ಒಟ್ಟಿಗೆ ಒತ್ತಬೇಕಾಗುತ್ತದೆ. ಡ್ರಾಯರು ತೀರ ಅಗಲವಾದರೆ ಒಬ್ಬರಿಗೆ ಎರಡೂ ಕಡೆ ಕೈಯೆಟುಕದು. ಕೈಯೆಟುಕುವಷ್ಟೇ ಅಗಲವಿದ್ದರೆ ಇದೇ ಗುಣವಾಗಿ, ಚಿಕ್ಕ ಮಕ್ಕಳು ಸುಲಭವಾಗಿ ತೆರೆಯಲಾರರು.

ಚಾನೆಲಿನ ಮೇಲೆ ಬರೆದ ಭಾರಮಿತಿ ಸಾಮಾನ್ಯವಾಗಿ ಒಂದು ಜೊತೆಗೆ ಅನ್ವಯಿಸುತ್ತದೆ, ಒಂದೊಂದು ಪಟ್ಟಿಗಲ್ಲ. ಅದೂ ಅಲುಗದ ಕಪಾಟಿನಲ್ಲಿ, ಭಾರ ಸಮನಾಗಿ ಹರಡಿರುವಾಗ. ಕುಲುಕುವ ವಾಹನದಲ್ಲಿ ಡ್ರಾಯರಿನ ತುಂಬಿದ ತೂಕದ ಎರಡರಷ್ಟಾದರೂ ಮಿತಿಯಿರುವುದನ್ನು ಆರಿಸುವುದು ಕ್ಷೇಮ. ಸಾಧಾರಣ ಚಾನೆಲಿಗೆ ಪ್ರತಿ ಪಕ್ಕದಲ್ಲಿ ಅರ್ಧ ಇಂಚು ಎಡೆ ಸಾಕು. ಭಾರೀ ಮಾದರಿಗಳಲ್ಲಿ ಮುಕ್ಕಾಲು ಇಂಚು ಬೇಕಾಗುವಂಥವೂ ಇವೆ. ಪ್ಲೈವುಡ್ ಕತ್ತರಿಸಿದ ಮೇಲೆ ಮನಸ್ಸು ಬದಲಿಸಿದರೆ ಡ್ರಾಯರನ್ನೇ ಹೊಸದಾಗಿ ಮಾಡಿಸಬೇಕಾದೀತು. ಚಾನೆಲನ್ನು ಮೊದಲು ಕೊಂಡು, ಅದನ್ನು ಬಡಗಿಯ ಕೈಗಿತ್ತು, ಬಳಿಕ ಅಳತೆ ಹಿಡಿಸುವುದೇ ಸರಿಯಾದ ಕ್ರಮ. ಕಾಸರಗೋಡಿನಂತಹ ಕಡಲಂಚಿನಲ್ಲಿ ಸಾಧಾರಣ ಸತುಲೇಪದ ಉಕ್ಕು ಬೇಗ ತುಕ್ಕು ಹಿಡಿಯುತ್ತದೆ; ಅಲ್ಲಿ ಸ್ಟೇನ್‌ಲೆಸ್ ಸ್ಟೀಲಿನದು ಮೇಲು.